ಸುಣ್ಣಕಲ್ಲಿನೊಳಗಿನ ಎಣ್ಣೆ

ಮಾರ್ಚ್ ೧೪, ಮಂಗಳವಾರ
ಪ್ರಯೋಗಾಲಯದಿಂದ, ಮಧ್ಯಾಹ್ನ

ಪ್ರೀತಿಯ ಚಿನಕುರುಳಿಗೆ,

ಅಮ್ಮನ ಆಶೀರ್ವಾದಗಳು. ನಿನ್ನ ಎರಡು ಕಾಗದ ಬಂದು ಕೂತಿವೆ, ನಾನು ಒಂದಕ್ಕೂ ಉತ್ತರ ಬರೆದಿಲ್ಲ. ಬೈದುಕೋ, ಬೈಸಿಕೊಳ್ಳುತ್ತೇನೆ. ಬರೆಯಲು ಕೂತಾಗಲೆಲ್ಲ ಬಿಸಿಲು, ಮಂಡಿನೋವು, ಇವೆರಡರ ಆಚೆ ಪೆನ್ನು ಹೋಗುತ್ತಿರಲಿಲ್ಲ. ಅಂಥ ಕಾಗದ ನಿನ್ನ ಕೈಗೆ ಸಿಕ್ಕರೆ 'ಅಮ್ಮ ಏನೋ ಮುಚ್ಚಿಡ್ತಿದಾಳೆ' ಅಂತ ಅವತ್ತೇ ಪತ್ತೇದಾರಿಕೆ ಶುರು ಮಾಡುವವಳು ನೀನು. ಅದಕ್ಕೇ ಹರಿದು ಹಾಕಿದೆ.

ಮೊನ್ನೆ ಫೋನಿನಲ್ಲಿ ನಿಮ್ಮಣ್ಣನಿಗೆ ಮಗಳು ಹುಟ್ಟಿದಳು, ತಾಯಿ ಮಗು ಆರೋಗ್ಯ ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. "ಅಮ್ಮಾ, ಇದು ಮೊಮ್ಮಗಳು ಹುಟ್ಟಿದವಳ ಧ್ವನಿ ಅಲ್ಲ" ಅಂದೆಯಲ್ಲ ನೀನು, ಸರಿಯಾಗಿಯೇ ಹಿಡಿದೆ. ಆದರೆ ಫೋನು ಇರುವುದು ಹಜಾರದಲ್ಲಿ. ಹಜಾರದಲ್ಲಿ ನಿಮ್ಮಣ್ಣ ಪೇಪರು ಹಿಡಿದು ಕೂತಿದ್ದ. ಏನೆಂದು ಹೇಳಲಿ?

ಈಗ ಎಲ್ಲರೂ ಊಟಕ್ಕೆ ಹೋಗಿದ್ದಾರೆ. ನನ್ನ ಜೊತೆ ಓವನ್ನಿನೊಳಗೆ ಒಣಗುತ್ತಿರುವ ಕಲ್ಲುಗಳಷ್ಟೇ ಇವೆ. ಅವು ಚಾಡಿ ಹೇಳುವುದಿಲ್ಲ. ಬಾಗಿಲು ಹಾಕಿಕೊಂಡು ಬರೆಯುತ್ತಿದ್ದೇನೆ.

ನಿಮ್ಮಪ್ಪ ಹೋದ ಮೇಲೆ ನಾನು ಈ ಎಣ್ಣೆ ಕಂಪನಿಯ ಕಾಲನಿಗೆ ಬರುವಾಗ ನೀನು ಬೇಡ ಅಂದಿದ್ದೆ. ಎಲ್ಲಿ ಬಾವಿ ಕೊರೆಯಬೇಕು ಎಂದು ಹೇಳುವ ತಂಡಕ್ಕೆ ಮಗ ಮುಖ್ಯಸ್ಥ, ಬಾವಿಯಿಂದ ಬಂದ ಕಲ್ಲನ್ನು ಪರೀಕ್ಷಿಸುವ ಪ್ರಯೋಗಾಲಯಕ್ಕೆ ತಾಯಿ. "ಒಂದೇ ಒರೆಯಲ್ಲಿ ಎರಡು ಕತ್ತಿ" ಅಂದಿದ್ದೆ. ನಾನು ನಕ್ಕಿದ್ದೆ. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಿತ್ತು ಕಣೆ. ಬೆಳಗ್ಗೆ ಒಂದೇ ಕಾರಿನಲ್ಲಿ ಹೊರಟು, ದಾರಿಯುದ್ದಕ್ಕೂ ಕಲ್ಲಿನ ಮಾತಾಡಿಕೊಂಡು ಬರುತ್ತಿದ್ದೆವು. ಹಿಂದಿನ ಸೀಟಿನಲ್ಲಿ ಒಬ್ಬೊಬ್ಬರಾಗಿ ಸಹೋದ್ಯೋಗಿಗಳು ಹತ್ತಿ ತಲೆನೋವೆಂದು ಇಳಿದು ಹೋಗುತ್ತಿದ್ದರು.

ಈ ಕಾಲನಿಯನ್ನು ನೀನು ನೋಡಿಲ್ಲ. ಒಂದೇ ರಸ್ತೆ, ಒಂದೇ ಗೇಟು, ಒಂದು ಅಂಗಡಿ, ಒಂದು ಆಸ್ಪತ್ರೆ. ಬೆಳಗ್ಗೆ ಆಫೀಸಿನಲ್ಲಿ ಯಾರ ಜೊತೆ ಜಟಾಪಟಿಯಾಯಿತೋ ಅವರ ಹೆಂಡತಿ ಸಂಜೆ ಅಂಗಡಿಯ ಸಾಲಿನಲ್ಲಿ ನಿನ್ನ ಮುಂದೆಯೇ ನಿಂತಿರುತ್ತಾಳೆ. ಗೇಟಿನ ಆಚೆ ಕಣ್ಣು ಹಾಯುವಷ್ಟು ದೂರ ಬೋಳು ನೆಲ. ಮುನಿಸಿಕೊಂಡು ಎದ್ದು ಹೋದರೂ ಎಲ್ಲಿಗೆ ಹೋಗುವುದು? ಗೇಟಿನ ತನಕ ಹೋಗಿ ವಾಪಸು ಬರಬೇಕು.

ಹೋದ ಬೇಸಿಗೆಯಲ್ಲಿ ಹೊಸ ಪರೀಕ್ಷಾ ಬಾವಿಯ ಕಲ್ಲು ಬಂತು. ನೀನು ಹಲ್ಲಿನ ತೂತು ಮುಚ್ಚುವವಳು, ನಾನು ಕಲ್ಲಿನ ತೂತು ಅಳೆಯುವವಳು. ನನ್ನ ಕೆಲಸದ ಮಾತು ಬಂದರೆ ನಿನಗೆ ಚಿಕ್ಕಂದಿನಿಂದಲೂ ಆಕಳಿಕೆ. ಈ ಸಲ ಸ್ವಲ್ಪ ತಡೆದುಕೊಂಡು ಓದು, ಇದು ಗೊತ್ತಾಗದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ.

ಬಾವಿಯ ಆಳದಿಂದ ತೋಳಿನಷ್ಟು ದಪ್ಪದ ಉದ್ದನೆಯ ಕಲ್ಲಿನ ಕಂಬ ಮೇಲೆ ಬರುತ್ತದೆ. ಅದರಿಂದ ನಾವು ಹೆಬ್ಬೆರಳಿನಷ್ಟು ತುಂಡುಗಳನ್ನು ಕೊರೆದು, ತೊಳೆದು, ಒಣಗಿಸುತ್ತೇವೆ. ಆಮೇಲೆ ಎರಡು ಪ್ರಶ್ನೆ ಕೇಳುತ್ತೇವೆ. ಕಲ್ಲಿನೊಳಗೆ ಖಾಲಿ ಜಾಗ ಎಷ್ಟು? ಆ ಖಾಲಿ ಜಾಗದಿಂದ ಈ ಖಾಲಿ ಜಾಗಕ್ಕೆ ದಾರಿ ಇದೆಯೇ? ಮರಳುಗಲ್ಲಾದರೆ ಇವೆರಡೂ ಸಾಮಾನ್ಯವಾಗಿ ಅಣ್ಣತಮ್ಮಂದಿರಂತೆ ಜೊತೆಗೇ ಇರುತ್ತವೆ. ಸುಣ್ಣಕಲ್ಲು ಹಾಗಲ್ಲ. ಅದು ಒಂದು ಕಾಲದ ಸಮುದ್ರದ ತಳ. ಚಿಪ್ಪು, ಶಂಖ ಎಲ್ಲ ಹೂತುಹೋಗಿ, ಸುತ್ತಲಿನ ಕೆಸರು ಕಲ್ಲಾಗಿ, ಆಮೇಲೆ ಚಿಪ್ಪು ಕರಗಿ ಅದರ ಆಕಾರದ ಗೂಡು ಮಾತ್ರ ಉಳಿದಿರುತ್ತದೆ. ಗೂಡಿನ ತುಂಬ ಎಣ್ಣೆ ಇರಬಹುದು. ಆದರೆ ಗೂಡಿನಿಂದ ಗೂಡಿಗೆ ಸಂದಿಲ್ಲದಿದ್ದರೆ? ಸ್ಪಂಜು ಹಿಂಡಿದರೆ ನೀರು ಬರುತ್ತದೆ. ಬಿರಡೆ ಬಿಗಿದ ಸೀಸೆಗಳನ್ನು ಗೋಣಿಯಲ್ಲಿ ಕಟ್ಟಿ ಹಿಂಡಿದರೆ ಏನು ಬರುತ್ತದೆ?

ನಮ್ಮಲ್ಲಿ ಕಲ್ಲು ಕೊಯ್ಯುವವನಿಗೆ ಎಲ್ಲರೂ ಗರಗಸಪ್ಪ ಅನ್ನುತ್ತೇವೆ, ಅವನೂ ಆ ಹೆಸರಿಗೇ ಓಗೊಡುತ್ತಾನೆ. ಮೊದಲ ತುಂಡು ಕೊಯ್ದವನೇ ಕನ್ನಡಕ ಹಣೆಗೇರಿಸಿ, "ಅಮ್ಮಾವ್ರೇ, ಇದು ಕಲ್ಲೋ, ಹುಳ ಹಿಡಿದ ಮರವೋ?" ಅಂದ. ಅಷ್ಟು ಗೂಡು. ಅಳೆದಾಗ ನೂರಕ್ಕೆ ಇಪ್ಪತ್ತೆರಡು ಪಾಲು ಖಾಲಿ ಜಾಗ.

ಸುದ್ದಿ ಕೇಳಿದ ನಿಮ್ಮಣ್ಣ ಓಡಿಬಂದ. ಆಫೀಸು ಅನ್ನುವುದನ್ನೂ ಮರೆತು, "ಅಮ್ಮಾ, ಇಪ್ಪತ್ತೆರಡಂತೆ! ಇಡೀ ಫೀಲ್ಡಲ್ಲಿ ಇಂಥ ಪದರ ಎಲ್ಲೂ ಸಿಕ್ಕಿಲ್ಲ" ಅಂತ ನನ್ನ ಹೆಗಲು ಹಿಡಿದು ಅಲುಗಾಡಿಸಿದ.

"ಕುಣೀಬೇಡ, ಇನ್ನೂ ಅರ್ಧ ಲೆಕ್ಕ ಬಾಕಿ ಇದೆ" ಅಂದೆ.

ಬಾಕಿ ಲೆಕ್ಕ ಚೆನ್ನಾಗಿ ಬರಲಿಲ್ಲ. ತುಂಡಿನ ಒಂದು ತುದಿಯಿಂದ ಗಾಳಿ ಒತ್ತಿದರೆ ಇನ್ನೊಂದು ತುದಿಯಲ್ಲಿ ಬರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಯಂತ್ರ ಕೆಟ್ಟಿದೆಯೇನೋ ಎಂದು ಬಿಚ್ಚಿ ಜೋಡಿಸಿ ಮತ್ತೆ ಮತ್ತೆ ನೋಡಿದೆ. ಕಲ್ಲಿಗೆ ನೀಲಿ ಅಂಟು ಒತ್ತಿ ತುಂಬಿಸಿ, ಕಾಗದದಷ್ಟು ತೆಳ್ಳಗೆ ಉಜ್ಜಿ, ಸೂಕ್ಷ್ಮದರ್ಶಕದಡಿ ಇಟ್ಟೆ. ದಾರಿಯಿದ್ದಲ್ಲೆಲ್ಲ ನೀಲಿ ಹರಿಯಬೇಕು. ಅಂಚಿನ ಗೂಡುಗಳು ಮಾತ್ರ ನೀಲಿ, ಒಳಗಿನವೆಲ್ಲ ಬರಿದು. ಒಂದೇ ಒಂದು ತುಂಡು ಬುಸ್ಸೆಂದು ಗಾಳಿ ಬಿಟ್ಟಿತ್ತು. ಅದನ್ನು ನೋಡಿದರೆ ಉದ್ದಕ್ಕೂ ಕೂದಲೆಳೆಯಂಥ ಬಿರುಕು. ಕೊರೆಯುವಾಗ ಆದದ್ದು ಎಂದು ನನಗನಿಸಿತು.

ಅವತ್ತು ಕಾರಿನಲ್ಲೇ ಶುರುವಾಯಿತು.

"ಆ ತುಂಡಿನ ನಂಬರೂ ನಿನ್ನ ಮೆಷಿನ್ನೇ ಕೊಟ್ಟಿದ್ದು ತಾನೆ, ಅಮ್ಮಾ?"

"ನಂಬರು ನನ್ನ ಮೆಷಿನ್ನಿಂದು. ಬಿರುಕು ನಿಮ್ಮ ಡ್ರಿಲ್ಲಿಂದು."

"ಅದು ಡ್ರಿಲ್ಲಿನ ಬಿರುಕೇ ಅಂತ ಹೇಗೆ ಹೇಳ್ತೀಯ? ನೆಲದೊಳಗೇ ಬಿರುಕು ಇದ್ದಿರಬಹುದಲ್ಲ? ನೀನು ನೋಡ್ತಿರೋದು ಹೆಬ್ಬೆರಳಿನಷ್ಟು ಕಲ್ಲು. ಕೆಳಗಿರೋದು ಬೆಟ್ಟದಷ್ಟು. ದೊಡ್ಡ ಬಿರುಕು ನಿನ್ನ ತುಂಡೊಳಗೆ ಹಿಡಿಯುತ್ತಾ?"

ಇದು ತಪ್ಪು ಮಾತಲ್ಲ, ಚಿನಕುರುಳಿ. ಸುಣ್ಣಕಲ್ಲು ಗೇಣಿಗೊಂದು ಬಣ್ಣ ಬದಲಾಯಿಸುವ ಕಲ್ಲು. ಅವನು ಹೇಳಿದಂತೆ ಇದ್ದರೂ ಇರಬಹುದಿತ್ತು. ಹಾಗೆಂದು ಅವನಿಗೆ ಒಪ್ಪಿಕೊಂಡೆ ಕೂಡ. ಆದರೆ ವರದಿಯಲ್ಲಿ ನಾನು ಕಂಡದ್ದನ್ನು ಬರೆದೆ. ಈ ಕಲ್ಲಿನಲ್ಲಿ ಎಣ್ಣೆ ಇದೆ, ಹರಿಯಲು ದಾರಿ ಕಾಣುತ್ತಿಲ್ಲ, ದೊಡ್ಡ ಬಾವಿಗೆ ಕೈ ಹಾಕುವ ಮುಂಚೆ ಬೇರೆ ಕಡೆಯ ಕಲ್ಲನ್ನೂ ನೋಡಬೇಕು ಅಂತ. ಎಲ್ಲರಿಗೂ ಅರ್ಥವಾಗುವ ಭಾಷೆಯಲ್ಲಿ, ಮೊದಲ ಪುಟದಲ್ಲೇ.

ನಿಮ್ಮಣ್ಣ ಸಭೆಯಲ್ಲಿ ಬಿರುಕಿನ ವಾದ ಮುಂದಿಟ್ಟ. ಚೆನ್ನಾಗಿ ಮಾತಾಡುತ್ತಾನೆ, ನಿನಗೆ ಗೊತ್ತಲ್ಲ. ನಿರ್ದೇಶಕರಿಗೂ ಒಳ್ಳೆಯ ಸುದ್ದಿ ಬೇಕಿತ್ತು. ದೊಡ್ಡ ಬಾವಿ ಕೊರೆದರು.

ಮೊದಲ ದಿನ ಬಾವಿ ಎಣ್ಣೆ ಕಕ್ಕಿದ ರಭಸಕ್ಕೆ ಅಳೆಯುವವರೇ ಬೆಚ್ಚಿದರು. ಕಾಲನಿಗೆ ಕಾಲನಿಯೇ ಕ್ಲಬ್ಬಿನಲ್ಲಿ ಸೇರಿತು. ನಿಮ್ಮಣ್ಣ ಎಲ್ಲರೆದುರೇ ನನ್ನನ್ನು ಅಪ್ಪಿಕೊಂಡು, "ನಮ್ಮಮ್ಮನ ಕಲ್ಲು ಕೊನೆಗೂ ಮಾತು ಕೇಳ್ತು ನೋಡಿ" ಅಂದ. ಎಲ್ಲರೂ ಕೇಕೆ ಹಾಕಿ ನಕ್ಕರು. ನಾನೂ ನಕ್ಕೆ, ಮನಸಾರೆ ನಕ್ಕೆ. ನನ್ನ ಮಾತು ಸುಳ್ಳಾಗಲಿ ಎಂದು ಕೆಲಸಕ್ಕೆ ಸೇರಿದ ಮೇಲೆ ಬಯಸಿದ್ದು ಅದೊಂದೇ ಸಲ. ಅದೇ ವಾರ ನಿನ್ನ ಅತ್ತಿಗೆ ತಾನು ಬಸುರಿ ಅಂತ ಹೇಳಿದಳು. ಮನೆಯಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ ಯಾರಿಗೂ.

ಆಮೇಲೆ ಒತ್ತಡ ಇಳಿಯತೊಡಗಿತು. ಮೊದಮೊದಲು ಸ್ವಲ್ಪ, ಆಮೇಲೆ ದಡದಡ ಇಳಿಯಿತು. ಅವನ ಬಿರುಕು ನೆಲದೊಳಗೆ ನಿಜವಾಗಿ ಇತ್ತು. ಅದರಲ್ಲಿದ್ದ ಎಣ್ಣೆಯೇ ಮೊದಲು ಚಿಮ್ಮಿದ್ದು. ಬಿರುಕು ಖಾಲಿಯಾದ ಮೇಲೆ ಅದಕ್ಕೆ ಎಣ್ಣೆ ತುಂಬಿಕೊಡಬೇಕಾದ್ದು ಅಕ್ಕಪಕ್ಕದ ಕಲ್ಲು. ಆ ಕಲ್ಲು ತನ್ನದನ್ನು ಬಿಟ್ಟುಕೊಡಲಿಲ್ಲ. ಅವನೂ ಸರಿ, ನಾನೂ ಸರಿ, ಬಾವಿ ಮಾತ್ರ ಬತ್ತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಮನೆ ಮಾತು ಕಳೆದುಕೊಂಡಿತು. ಅವನು ಊಟದ ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಕೂರುತ್ತಿದ್ದ, ನಾವು ಅತ್ತೆ ಸೊಸೆ ಅಡುಗೆಮನೆಯಲ್ಲಿ ನಿಂತುಕೊಂಡು ಉಣ್ಣುತ್ತಿದ್ದೆವು. ಅಷ್ಟರಲ್ಲಿ ಡಾಕ್ಟರು ನಿನ್ನ ಅತ್ತಿಗೆಯ ಕಾಲೂತ, ರಕ್ತದೊತ್ತಡ ನೋಡಿ, ಹೆರಿಗೆಯ ತನಕ ಮಂಚ ಬಿಟ್ಟು ಇಳಿಯಕೂಡದು ಅಂದುಬಿಟ್ಟರು. ಅವಳಿಗೆ ತಾಯಿ ಇಲ್ಲ. ಇರುವವಳು ನಾನೊಬ್ಬಳೇ.

ಹೀಗಿರುವಾಗ ಮುಖ್ಯ ಕಚೇರಿಯಿಂದ ತನಿಖೆಗೆ ಮೂವರು ಬಂದರು. ಆ ಬೆಳಗ್ಗೆ ನಿಮ್ಮಣ್ಣ ಕಾರು ನಿಲ್ಲಿಸಿದವನು ಇಳಿಯಲಿಲ್ಲ. ಸ್ಟಿಯರಿಂಗ್ ಮೇಲೆ ಕೈ ಇಟ್ಟುಕೊಂಡೇ ಹೇಳಿದ.

"ಅಮ್ಮಾ, ಒಂದು ಮಾತು. ವರದಿ ಸ್ವಲ್ಪ ಅಸ್ಪಷ್ಟವಾಗಿತ್ತು ಅಂತ ಹೇಳಿಬಿಡು. ಅಷ್ಟೇ ಸಾಕು."

"ಅಸ್ಪಷ್ಟವಾಗಿರಲಿಲ್ವಲ್ಲೋ."

"ನನಗೂ ಗೊತ್ತು ಇರಲಿಲ್ಲ ಅಂತ. ನಿನಗೆ ಹೇಗೂ ರಿಟೈರ್ ಆಗೋ ವಯಸ್ಸು, ಹೆಚ್ಚೆಂದರೆ ಬೇಗ ಮನೆಗೆ ಕಳಿಸ್ತಾರೆ. ನನ್ನದು ಹಾಗಲ್ಲ. ಅವಳು ಮಲಗಿದಾಳೆ, ಮಗು ಬರ್ತಿದೆ."

"ಲ್ಯಾಬಿನವರು?"

"ಅವರದು ನೋಡಿಕೊಳ್ಳೋಣ."

ನೋಡಿಕೊಳ್ಳುವುದು ಎಂದರೆ ಏನೆಂದು ನನಗೆ ಗೊತ್ತಿತ್ತು. ಪ್ರಯೋಗಾಲಯ ಮುಚ್ಚಿ ಕಲ್ಲನ್ನು ಹೊರಗಿನವರಿಗೆ ಕಳಿಸಬೇಕೆಂದು ನಿರ್ದೇಶಕರು ಆಗಲೇ ಕಾಯುತ್ತಿದ್ದರು, ಅವರಿಗೊಂದು ನೆಪ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಅದೇ ಪದರಕ್ಕೆ ಇನ್ನಷ್ಟು ಬಾವಿಗಳ ಜಾಗ ಗುರುತಾಗಿತ್ತು. ತಪ್ಪು ವರದಿಯದು ಎಂದಾದರೆ ಕಲ್ಲು ನಿರ್ದೋಷಿ. ಮತ್ತೆ ಕೊರೆಯುತ್ತಾರೆ, ಮತ್ತೆ ಬತ್ತುತ್ತದೆ.

ಕೈಚೀಲ ಎತ್ತಿಕೊಂಡು ಇಳಿದೆ.

ಕೋಣೆಯಲ್ಲಿ ಮೊದಲು ಅವನನ್ನು ಕೇಳಿದರು. ಅವನು ನನ್ನ ಕಡೆ ನೋಡದೆ, "ಪ್ರಯೋಗಾಲಯದ ಎಚ್ಚರಿಕೆ ಅಷ್ಟು ಸ್ಪಷ್ಟವಾಗಿರಲಿಲ್ಲ" ಅಂದ. ಬಂದವರಲ್ಲಿ ಒಬ್ಬಳು ತೆಳ್ಳಗಿನ ಹೆಂಗಸು, ನನ್ನದೇ ವಯಸ್ಸಿರಬೇಕು. ನನ್ನ ಕಡೆ ತಿರುಗಿ, "ನೀವು ಏನಂತೀರಿ? ಸ್ಪಷ್ಟವಾಗಿತ್ತೋ ಇಲ್ವೋ?" ಎಂದು ಕೇಳಿದಳು. ಅವಳಿಗೆ ನಾವು ತಾಯಿ ಮಗ ಎಂದು ಗೊತ್ತಿತ್ತು. ಕೇಳಿ ಮುಗಿಸಿ ಕಣ್ಣು ಕೆಳಗೆ ಹಾಕಿದಳು.

"ಸ್ಪಷ್ಟವಾಗಿಯೇ ಬರೆದಿದ್ದೆ" ಅಂದೆ. ತಕ್ಷಣ ಸೇರಿಸಿದೆ, "ಆದರೆ ಅವರು ಮಂಡಿಸಿದ ವಾದದಲ್ಲಿ ತಿರುಳಿತ್ತು. ಬಿರುಕು ಇದ್ದದ್ದೂ ನಿಜವಾಯ್ತು. ಅವರು ಗಾಳಿಯಲ್ಲಿ ಗುಂಡು ಹಾರಿಸಲಿಲ್ಲ. ಒಪ್ಪಿಗೆ ಎಲ್ಲರೂ ಸೇರಿ ಕೊಟ್ಟದ್ದು." ಹೀಗೆ ಬಹಳ ಹೊತ್ತು ಹೇಳಿದೆ. ಬರೆದುಕೊಳ್ಳುತ್ತಿದ್ದವನ ಪೆನ್ನು ನನ್ನ ಮೊದಲ ವಾಕ್ಯಕ್ಕೇ ನಿಂತುಹೋಗಿತ್ತು. ಉಳಿದದ್ದು ಅವರಿಗೆ ತಾಯಿಯ ಮಾತು, ಅಷ್ಟೇ.

ಆ ಪದರದ ಬಾವಿಗಳನ್ನೆಲ್ಲ ನಿಲ್ಲಿಸಿದರು. ಪ್ರಯೋಗಾಲಯ ಉಳಿಯಿತು. ನಿಮ್ಮಣ್ಣನ ತಂಡ ಬೇರೆಯವರ ಕೈಗೆ ಹೋಯಿತು, ಅವನ ಕೋಣೆಯೂ ಹೋಯಿತು. ಈಗ ನಕ್ಷೆ ಮುದ್ರಿಸುವ ಯಂತ್ರದ ಪಕ್ಕ ಒಂದು ಮೇಜು ಕೊಟ್ಟಿದ್ದಾರೆ. ನಾನು ಚಹಾಕ್ಕೆ ಹೋಗುವ ದಾರಿಯಲ್ಲೇ ಇದೆ ಆ ಮೇಜು. ಚಹಾ ಬಿಟ್ಟಿದ್ದೇನೆ. ಅಂಗಡಿಯಲ್ಲಿ ಪಕ್ಕದ ಮನೆಯವಳು ಇನ್ನೊಬ್ಬಳಿಗೆ, "ಹೆತ್ತ ತಾಯೀನೇ ಹೀಗೆ ಮಾಡಿದ್ಮೇಲೆ ಇನ್ನು ಯಾರನ್ನ ನಂಬೋದು?" ಎಂದು, ನನಗೆ ಕೇಳಲಿ ಎಂದೇ ಹೇಳಿದಳು. ಗರಗಸಪ್ಪ ಅವತ್ತಿನಿಂದ ನನ್ನೆದುರು ಒಂದು ತಮಾಷೆಯನ್ನೂ ಮಾಡಿಲ್ಲ. ಅವನ ಕೆಲಸ ಉಳಿದದ್ದಕ್ಕೆ ಕೃತಜ್ಞತೆಯೋ, ಭಯವೋ, ನನಗೆ ಗೊತ್ತಾಗುವುದಿಲ್ಲ.

ಮನೆಯಲ್ಲಿ ನಿಮ್ಮಣ್ಣ ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಕಾರಿನ ಕೀಲಿಯನ್ನು ಮೇಜಿನ ಮೇಲೆ ಇಟ್ಟು ತಾನು ಬಸ್ಸಿಗೆ ಹೋಗತೊಡಗಿದ. ನನಗೆ ಕಾರು ಓಡಿಸಲು ಬರುವುದಿಲ್ಲ. ಹಾಗಾಗಿ ಕಾರು ಮನೆಯಲ್ಲಿ, ನಾವಿಬ್ಬರೂ ಒಂದೇ ಬಸ್ಸಿನಲ್ಲಿ. ಅವನು ಮುಂದೆ, ನಾನು ಹಿಂದೆ. ಬರೆಯುವಾಗ ನಗು ಬರುತ್ತದೆ, ಬಸ್ಸಿನಲ್ಲಿ ಬರುವುದಿಲ್ಲ. ಹೇಳಬೇಕಾದ್ದೇನಾದರೂ ಇದ್ದರೆ ಮಂಚದ ಮೇಲಿದ್ದ ನಿನ್ನ ಅತ್ತಿಗೆಯ ಮೂಲಕ ಹೇಳುತ್ತಿದ್ದ. ಬಾಗಿಲ ಆಚೆ ಅವನು ನಿಂತಿರುತ್ತಿದ್ದ, ಈಚೆ ನಾನು. "ಅತ್ತೆ, ಅವರು ಗ್ಯಾಸಿನವನು ಬಂದಿದ್ನಾ ಅಂತ ಕೇಳ್ತಿದಾರೆ" ಅನ್ನುವಳು. "ಬಂದಿದ್ದ ಅಂತ ಹೇಳಮ್ಮ" ಅನ್ನುತ್ತಿದ್ದೆ. ಪಾಪ, ಆ ಹುಡುಗಿ ಒಂದು ದಿನ ನನ್ನ ಕೈ ಹಿಡಿದುಕೊಂಡು, "ನೀವು ಮಾಡಿದ್ದು ತಪ್ಪು ಅಂತ ನಾನು ಹೇಳಲ್ಲ ಅತ್ತೆ. ಆದ್ರೆ ಸರಿ ಅಂತ ಹೇಳೋಕೂ ನನಗಾಗಲ್ಲ. ಇದೇ ಮನೇಲಿ ಇರಬೇಕಲ್ಲ ನಾನು" ಅಂದಳು. ಇಷ್ಟು ಪ್ರಾಮಾಣಿಕವಾಗಿ ನನ್ನ ಜೊತೆ ಮಾತಾಡಿದವರು ಇಲ್ಲಿ ಬೇರೆ ಯಾರೂ ಇಲ್ಲ.

ರಾಜೀನಾಮೆ ಕೊಡಲು ಹೋಗಿದ್ದೆ. ನಿರ್ದೇಶಕರು ಕುರ್ಚಿ ಎಳೆದು ಕೂರಿಸಿದರು. "ಈಗ ನಿಮ್ಮನ್ನ ಬಿಟ್ಟರೆ ನಮ್ಮನ್ನ ಯಾರು ಬಿಡ್ತಾರೆ? ಉಳಿದ ಕಲ್ಲನ್ನೂ ನೀವೇ ನೋಡಬೇಕಂತೆ, ಮೇಲಿನವರ ಮಾತು" ಅಂದರು. ಇಷ್ಟು ವರ್ಷ ನನ್ನ ವರದಿಯನ್ನು ತಲೆದಿಂಬು ಮಾಡಿಕೊಂಡವರಿಗೆ ಈಗ ನನ್ನ ಸಹಿ ಇಲ್ಲದೆ ಒಂದು ಹೆಜ್ಜೆ ಮುಂದೆ ಹೋಗಲು ಧೈರ್ಯವಿಲ್ಲ. ಉಗ್ರಾಣದ ತುಂಬ ಕಲ್ಲಿನ ಪೆಟ್ಟಿಗೆಗಳು. ಮುಗಿಯುವುದು ಯಾವ ಕಾಲಕ್ಕೋ.

"ಎಲ್ಲ ಬಿಟ್ಟು ನನ್ನ ಮನೆಗೆ ಬಾ" ಎಂದು ಬರೆದಿದ್ದೀಯ. ಬರಬಹುದಿತ್ತು. ಮಂಚದಿಂದ ಇಳಿಯಲಾಗದವಳನ್ನು ಬಿಟ್ಟು ಹೇಗೆ ಬರಲಿ? ಇನ್ನು ನಾಳೆ ನಾಡಿದ್ದರಲ್ಲಿ ಆಸ್ಪತ್ರೆಯಿಂದ ಬಾಣಂತಿ, ಎಳೆಗೂಸು ಮನೆಗೆ ಬರುತ್ತಾರೆ. ಅವನು ನನ್ನನ್ನು ಹೋಗು ಎಂದೂ ಹೇಳುವುದಿಲ್ಲ, ಇರು ಎಂದೂ ಹೇಳುವುದಿಲ್ಲ. ಹೇಳಿದ್ದರೆ ಒಂದು ದಾರಿಯಾಗುತ್ತಿತ್ತು.

ನೀನು ಅಣ್ಣನಿಗೆ ಫೋನು ಮಾಡಿ ತರಾಟೆಗೆ ತೆಗೆದುಕೊಳ್ಳಬೇಡ, ನನ್ನಾಣೆ. ಅವನು ಕೆಟ್ಟವನಲ್ಲ. ಹೆದರಿದ್ದಾನೆ, ಅವಮಾನವಾಗಿದೆ. ಇಬ್ಬರೂ ಒಟ್ಟಿಗೆ ಬೆಳೆದವರು, ನಿಮ್ಮ ನಡುವೆ ನಾನೊಂದು ಗೋಡೆಯಾಗಬಾರದು. ಮಗುವಿಗೆ ಶುಭ ಹಾರೈಸಿ ಎರಡು ಸಾಲು ಬರೆ, ಸಂತೋಷಪಡುತ್ತಾನೆ.

ನಿನ್ನ ಅವಳಿಗಳಿಗೆ ನನ್ನ ಮುತ್ತು. ದೊಡ್ಡವನು ಕಲ್ಲು ಆರಿಸಿ ಜೇಬು ತುಂಬಿಕೊಳ್ಳುತ್ತಾನೆ ಎಂದು ಬರೆದಿದ್ದೆ. ಬೈಯಬೇಡ, ಆದರೆ ಪ್ರೋತ್ಸಾಹವನ್ನೂ ಕೊಡಬೇಡ. ಅಳಿಯಂದಿರಿಗೆ ನನ್ನ ನೆನಪು ಹೇಳು. ನಿನ್ನ ಕೈಗುಣ ಹೀಗೇ ಇರಲಿ, ನಿನ್ನ ಮನೆ ಸದಾ ಗದ್ದಲದಿಂದ ತುಂಬಿರಲಿ, ನಿನ್ನ ಮಕ್ಕಳು ನಿನ್ನೊಡನೆ ಬಾಯಿಗೆ ಬಾಯಿ ಕೊಟ್ಟು ಜಗಳವಾಡುವಂತಿರಲಿ. ನಗಬೇಡ, ನಿಜವಾದ ಆಶೀರ್ವಾದವೇ ಇದು.

ಇತಿ ನಿನ್ನ ಪ್ರೀತಿಯ
ಅಮ್ಮ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಮಗು ಯಾರ ಹಾಗಿದೆ ಎಂದು ನೀನು ಕೇಳಿಯೇ ಕೇಳುತ್ತೀಯ. ನನಗೆ ಗೊತ್ತಿಲ್ಲ. ನಾನಿನ್ನೂ ನೋಡಿಲ್ಲ. ಅವತ್ತು ಆಸ್ಪತ್ರೆಗೆ ಹೋದಾಗ ವಾರ್ಡಿನ ಬಾಗಿಲಲ್ಲಿ ಹೊಸದಾಗಿ ಬಂದ ನರ್ಸು ತಡೆದಳು. "ಮನೆಯವರನ್ನ ಮಾತ್ರ ಬಿಡೋದು" ಎಂದು ನಿಮ್ಮಣ್ಣನ ಕಡೆ ತಿರುಗಿ, "ಇವರು ನಿಮಗೇನಾಗಬೇಕು?" ಎಂದು ಕೇಳಿದಳು. ಅವನು ಒಂದು ಕ್ಷಣವೂ ತಡೆಯಲಿಲ್ಲ. "ನಮ್ಮ ಆಫೀಸಿನವರು" ಅಂದ. ಅವಳಿಗೆ ಅನುಮಾನ ಬಂದಿರಬೇಕು, ಮುಖ ಒಂದೇ ಥರ ಇದೆಯಲ್ಲ ನಮ್ಮದು. "ಹೌದೇನಮ್ಮಾ?" ಎಂದು ನನ್ನನ್ನೇ ಕೇಳಿದಳು. ಅವನು ನನ್ನ ಮುಖವನ್ನೇ ನೋಡುತ್ತಿದ್ದ. ಎಷ್ಟೋ ದಿನಗಳ ಮೇಲೆ ನೋಡಿದ್ದು. ನಾನು "ಹೌದು" ಅಂದೆ.